ಕಾಲೊರಸಾದ ಕಂಬಳಿ

ಅಕ್ಕಂದಿರೇ, ಅಣ್ಣಂದಿರೇ, ಕೈಯಲ್ಲಿರುವ ಕೆಲಸ ಬಿಟ್ಟು ಬನ್ನಿ ಎಂದು ಕರೆಯುವುದಿಲ್ಲ. ರೊಟ್ಟಿ ಬಡಿಯುವವರು ಬಡಿಯುತ್ತಲೇ ಇರಿ, ನೂಲುವವರು ನೂಲುತ್ತಲೇ ಇರಿ. ಕಿವಿ ಇತ್ತ ಕೊಟ್ಟರೆ ಸಾಕು. ಇದು ಗುಡೂರಿನ ಮುದಕಪ್ಪ ತನ್ನ ಫೋಟೋದ ಜೊತೆಗೆ ತಾನೇ ಜಗಳಾಡಿದ ಕಥೆ.

ಮುದಕಪ್ಪನ ಹಿತ್ತಲಲ್ಲಿ ಉಣ್ಣೆಯ ಒಂದು ರಾಶಿ ಬಿದ್ದಿತ್ತು. ಕುರಿ ಸಾಕಿದ ಮನೆಗಳಲ್ಲೆಲ್ಲ ಈಗ ಇದೇ ಗೋಳು. ಉಣ್ಣೆ ಕತ್ತರಿಸದಿದ್ದರೆ ಕುರಿಗೆ ತ್ರಾಸು, ಕತ್ತರಿಸಿದರೆ ಕೊಳ್ಳುವವರಿಲ್ಲ. ಕುರಿಯ ಮಾಂಸಕ್ಕೆ ಗಿರಾಕಿ ಇದ್ದಾರೆ, ಗೊಬ್ಬರಕ್ಕೂ ಇದ್ದಾರೆ, ಉಣ್ಣೆ ಎಂದರೆ ಮಾತ್ರ ಎಲ್ಲರೂ ಮುಖ ತಿರುಗಿಸುತ್ತಾರೆ. ಆ ರಾಶಿಯ ಮೇಲೆ ಓಣಿಯ ನಾಯಿ ಮರಿ ಹಾಕಿತ್ತು. ಅಷ್ಟು ಬೆಚ್ಚಗಿನ ಬಾಣಂತನ ಈ ಊರಲ್ಲಿ ಯಾವ ಹೆಣ್ಣುಮಗಳಿಗೂ ಆಗಿಲ್ಲ ಎಂದು ಮುದಕಪ್ಪನ ಹೆಂಡತಿ ಹುಚ್ಚವ್ವ ಬಂದವರಿಗೆಲ್ಲ ಹೇಳುತ್ತಿದ್ದಳು.

ಗಂಡ ಹೆಂಡತಿ ಇಬ್ಬರೂ ಕಂಬಳಿ ಮಾಡುವವರು. ಹುಚ್ಚವ್ವ ಉಣ್ಣೆ ಹಿಂಜಿ ರಾಟಿಯಲ್ಲಿ ನೂಲುತ್ತಿದ್ದಳು, ಮುದಕಪ್ಪ ಮಗ್ಗದಲ್ಲಿ ನೇಯುತ್ತಿದ್ದ. ನೇಯ್ದ ಮೇಲೆ ಹುಣಸೆ ಬೀಜದ ಗಂಜಿ ತಿಕ್ಕಿ ಬಿಸಿಲಿಗೆ ಹಾಕಿದರೆ ಆ ಕಂಬಳಿ ಮಳೆಯನ್ನೂ ಕೇಳುತ್ತಿರಲಿಲ್ಲ, ಚಳಿಯನ್ನೂ ಕೇಳುತ್ತಿರಲಿಲ್ಲ. ಈಗ ಮಳೆಗೆ ಪ್ಲಾಸ್ಟಿಕ್ ಬಂದಿದೆ. ಚಳಿಗೆ ಹೂವಿನ ಚಿತ್ರದ ಬ್ಲಾಂಕೆಟ್ಟು ಬೈಕಿನ ಮೇಲೆ ಮನೆ ಬಾಗಿಲಿಗೇ ಬರುತ್ತದೆ. ಕಂಬಳಿ ಬೇಕಾಗುವುದು ದೇವರಿಗೆ ಮತ್ತು ಮದುವೆಗೆ.

ಕುರುಬರ ಕುಲದೇವರಾದ ಬೀರಪ್ಪನ ಒಕ್ಕಲಿನವರಲ್ಲಿ ಕಂಬಳಿ ಇಲ್ಲದೆ ಶುಭಕಾರ್ಯ ಆಗುವುದಿಲ್ಲ. ಕಂಬಳಿ ಹಾಸಿ, ಮೇಲೆ ಭಂಡಾರದ ಅರಿಶಿನ ಚೆಲ್ಲಿ, ಎರಡೂ ಕಡೆಯ ಹಿರಿಯರು ಅದರ ಮೇಲೆ ಕೂತು ಮಾತು ಕೊಡಬೇಕು. ಕಂಬಳಿಗೆ ಯಾರೂ ಚಪ್ಪಲಿ ತಾಗಿಸುವುದಿಲ್ಲ. ಅದರ ಮೇಲೆ ಕೂತು ಯಾರೂ ಸುಳ್ಳು ಹೇಳುವುದಿಲ್ಲ. ಸುಳ್ಳು ಹೇಳಲೇಬೇಕು ಎಂದಿದ್ದವರು ಮೊದಲು ಎದ್ದು ನಿಲ್ಲುತ್ತಾರೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೀಗಿರುವಾಗ ಬಾದಾಮಿಯಿಂದ ಸಂತೋಷಕುಮಾರ ಬಂದ. ಗುಹೆಗಳನ್ನು ನೋಡಲು ಬರುವ ಪ್ರವಾಸಿಗರಿಗೆ ಸೀರೆ, ಶಾಲು, ಗೊಂಬೆ ಮಾರುವ ಅಂಗಡಿ ಅವನದು. ಕೆಟ್ಟವನೇನಲ್ಲ, ವ್ಯಾಪಾರಿ ಅಷ್ಟೆ. ಅವನ ತಕರಾರು ಇಷ್ಟೇ: ಪ್ರವಾಸಿಗರು ಹಳ್ಳಿಯ ಕಂಬಳಿ ಬೇಕು ಎಂದು ಕೇಳುತ್ತಾರೆ, ಕೈ ಇಟ್ಟ ಕೂಡಲೇ ಚುಚ್ಚುತ್ತದೆ ಎಂದು ಕೈ ತೆಗೆಯುತ್ತಾರೆ.

"ಕಂಬಳ್ಯಾಗ ಕುಂತು ಉಣ್ಣಾವ್ರು ಕೂದಲ ಬಂತು ಅಂದ್ರ ಹೆಂಗ?" ಎಂದಳು ಹುಚ್ಚವ್ವ.

ಸಂತೋಷಕುಮಾರನ ಹತ್ತಿರ ಅದಕ್ಕೆ ಉಪಾಯವಿತ್ತು. ಗಾಡಿಯಿಂದ ಮಿಲ್ಲಿನ ನೂಲಿನ ಗಂಟು ಇಳಿಸಿದ. ಕಪ್ಪು, ಬಿಳಿ, ಮುಟ್ಟಿದರೆ ಬೆಕ್ಕಿನ ಮೈ ಸವರಿದ ಹಾಗೆ ನುಣುಪು. ಇದನ್ನೇ ಕಂಬಳಿಯ ಹಾಗೆ ನೇಯ್ದು ಕೊಡು, ಎಷ್ಟು ನೇಯ್ದರೂ ನಾನು ಒಯ್ಯುತ್ತೇನೆ ಎಂದ. ಮುದಕಪ್ಪನಿಗೆ ಇದಕ್ಕಿಂತ ಸುಖ ಇನ್ನೇನು ಬೇಕು? ಹಿಂಜುವುದಿಲ್ಲ, ನೂಲುವುದಿಲ್ಲ, ಗಂಜಿ ತಿಕ್ಕುವುದಿಲ್ಲ. ಮಗ್ಗದಲ್ಲಿ ಕೂತರೆ ಲಾಳಿ ತಾನೇ ಓಡಿದಂತೆ ಓಡುತ್ತಿತ್ತು. ಹುಚ್ಚವ್ವನ ರಾಟಿಯ ಮೇಲೆ ಜೇಡ ಬಲೆ ಕಟ್ಟಿತು.

ಅಂಗಡಿಗೆ ಒಂದು ಫೋಟೋ ಬೇಕಾಯಿತು. ಮುದಕಪ್ಪ ರುಮಾಲು ಸುತ್ತಿ ಮೀಸೆ ತಿರುವಿ ನಿಂತ. ಕೈಯಲ್ಲಿ ಒಂದು ಕುರಿಮರಿ ಇದ್ದರೆ ಚೆಂದ ಎಂದ ಸಂತೋಷಕುಮಾರ. ಕುರಿಗಳೆಲ್ಲ ಮೇಯಲು ಹೋಗಿದ್ದವು. ಪಕ್ಕದ ಮನೆಯ ಗೂಟಕ್ಕೆ ಕಟ್ಟಿದ್ದ ಆಡಿನ ಮರಿಯನ್ನೇ ಹಿಡಿದು ತಂದರು. ಅದು ಫೋಟೋ ತೆಗೆಯುವ ಹೊತ್ತಿಗೆ ಸರಿಯಾಗಿ ಮುದಕಪ್ಪನ ರುಮಾಲಿನ ಚುಂಗು ಬಾಯಿಗೆ ಹಾಕಿಕೊಂಡಿತು. ಹಾಗೇ ಅಚ್ಚಾಯಿತು. ಪ್ರತಿ ಕಂಬಳಿಗೂ ಆ ಫೋಟೋದ ಚೀಟಿ ಜೋತುಬಿತ್ತು. ಚೀಟಿಯ ಇಂಗ್ಲಿಷನ್ನು ಮಗಳು ಭಾಗ್ಯಾ ಓದಿ ಹೇಳಿದಳು: ಕುರುಬ ಮುದಕಪ್ಪ ತನ್ನ ಕೈಯಾರೆ ನೇಯ್ದ, ಅಪ್ಪಟ ಕುರಿ ಉಣ್ಣೆಯ ಕಂಬಳಿ.

ಮುದಕಪ್ಪ ಒಂದು ಚೀಟಿಯನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಊರು ತಿರುಗಿದ. ಕ್ಷೌರದವನಿಗೆ ತೋರಿಸಿದ, ಬಸ್ಸಿನ ಕಂಡಕ್ಟರನಿಗೆ ತೋರಿಸಿದ. ಕಂಡಕ್ಟರು ಫೋಟೋ ನೋಡಿ, ಇದು ಆಡಲ್ಲವೇನ್ರಿ ಎಂದ. ಅಲ್ಲಿಂದ ಮುಂದೆ ಮುದಕಪ್ಪ ಕೆಳಗಿನ ಅರ್ಧ ಮಡಚಿ ಮುಖ ಮಾತ್ರ ತೋರಿಸತೊಡಗಿದ.

ಅದೇ ಊರಿನ ದಾನೇಶ್ವರಿ ಎಂಬಾಕೆ ಮಹಿಳಾ ಸಂಘಗಳ ಕೆಲಸ ಮಾಡುವವಳು. ಮನೆ ಮನೆಗೆ ಹೋಗಿ ಏನು ತಯಾರಿಸಿದರೆ ಎಲ್ಲಿ ಮಾರಬಹುದು ಎಂದು ತಿಳಿಸುತ್ತಾಳೆ. ಒಂದು ದಿನ ಮುದಕಪ್ಪನ ಮನೆಗೆ ಬಂದವಳು ಜೇಡ ಕಟ್ಟಿದ ರಾಟಿ ನೋಡಿದಳು, ಮಗ್ಗದ ಮೇಲಿನ ಮಿಲ್ಲಿನ ನೂಲು ನೋಡಿದಳು, ಕೊನೆಗೆ ಚೀಟಿ ಓದಿದಳು.

"ಕಾಕಾ, ಇದರಾಗ ಕುರಿ ಉಣ್ಣಿ ಅಂತ ಬರದೈತಿ. ನೂಲು ನೋಡಿದ್ರ ಮಿಲ್ಲಿಂದು. ಇದು ಹೆಂಗ?"

"ನೇಯ್ದಾಂವ ಕುರುಬ, ಮಗ್ಗ ಕುರುಬರದು," ಎಂದ ಮುದಕಪ್ಪ. "ಮತ್ತ ಇದಕ್ಕ ಕಂಬಳಿ ಅನ್ನದ ಧೋತರ ಅನ್ನಬೇಕೇನ ತಂಗೆವ್ವ?"

ದಾನೇಶ್ವರಿ ವಾದಕ್ಕೆ ಇಳಿಯಲಿಲ್ಲ. ಪೆಟ್ಟಿಗೆಯಲ್ಲಿದ್ದ ಹಳೆಯ ಕಂಬಳಿ ತರಿಸಿ ಅದರ ಅಂಚಿನಿಂದ ಒಂದು ಎಳೆ ಕಿತ್ತಳು. ಅದು ಮುದಕಪ್ಪನ ಅಪ್ಪ ನೇಯ್ದ ಕಂಬಳಿ, ಕರಿ ಮೈ, ಬಿಳಿ ಅಂಚು, ಮನೆಯಲ್ಲಿ ಉಳಿದಿದ್ದ ಅಪ್ಪಟ ಉಣ್ಣೆಯ ಕಂಬಳಿ ಎಂದರೆ ಅದೊಂದೇ. ಮಿಲ್ಲಿನ ನೂಲಿನಿಂದಲೂ ಒಂದು ಎಳೆ ಕಿತ್ತಳು. ಒಂದೊಂದನ್ನೇ ಚಿಮಟಿಗೆಯಲ್ಲಿ ಹಿಡಿದು ತಾಟಿನ ಮೇಲೆ ಕಡ್ಡಿ ಗೀರಿದಳು. ಹಳೆಯ ಎಳೆ ಚುರುಚುರು ಸುಟ್ಟು, ಕಡ್ಡಿ ದೂರ ಮಾಡಿದ ಕೂಡಲೇ ತಾನೇ ಆರಿತು. ಕೂದಲು ಸುಟ್ಟ ವಾಸನೆ ಬಂತು. ಬೆರಳಲ್ಲಿ ಹಿಸುಕಿದರೆ ಬೂದಿಯಾಗಿ ಉದುರಿತು. ಮಿಲ್ಲಿನ ಎಳೆ ಮೇಣದ ಹಾಗೆ ಕರಗಿ ತೊಟ್ಟಿಕ್ಕಿತು, ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಆರಿದ ಮೇಲೆ ತಾಟಿನಲ್ಲಿ ಉಳಿದದ್ದು ಸಾಸಿವೆಯಂಥ ಒಂದು ಗಟ್ಟಿ ಗುಂಡು.

ಮುದಕಪ್ಪ ಆ ಗುಂಡನ್ನು ಉಗುರಿನಿಂದ ಒತ್ತಿ ನೋಡಿದ. ಒಡೆಯಲಿಲ್ಲ. ಅವನ ಮನಸ್ಸಿಗೆ ಎಲ್ಲೋ ಚುರುಕ್ ಎಂದಿತು, ಆದರೆ ಬಾಯಿ ಸೋಲಲಿಲ್ಲ.

"ಪ್ಯಾಟಿ ಮಂದಿ ಕಂಬಳಿ ಹೊದಿಯಾಕ ತಗೋತಾರ," ಎಂದ. "ಸುಡಾಕ ತಗೋತಾರೇನು?"

ದಾನೇಶ್ವರಿ ನಕ್ಕಳು. ಇವತ್ತು ಕೊಳ್ಳುತ್ತಾರೆ, ನಾಳೆ ಯಾರೋ ಒಬ್ಬರಿಗೆ ತಿಳಿಯುತ್ತದೆ, ನಾಡಿದ್ದು ನಿಜವಾದ ಕಂಬಳಿ ತೋರಿಸಿದರೂ ನಂಬುವುದಿಲ್ಲ ಎಂದಳು. ಇಳಕಲ್ಲಿನ ನೇಕಾರರ ಪಾಡು ನೋಡಿ, ಯಂತ್ರದ ಸೀರೆಯನ್ನು ಕೈಮಗ್ಗದ್ದೆಂದು ಮಾರುವವರಿಂದಾಗಿ ಕೈಯಲ್ಲಿ ನೇಯುವವರೇ ಇಂದು ಆಣೆ ಇಡುವಂತಾಗಿದೆ ಎಂದಳು. ಚುಚ್ಚುವ ಉಣ್ಣೆಗೂ ಅವಳ ಬಳಿ ದಾರಿ ಇತ್ತು. "ಹೊದಿಯಾಕ ಚುಚ್ಚತೈತಿ ಖರೆ, ಕುಂದ್ರಾಕ ಚುಚ್ಚೂದಿಲ್ಲ ಕಾಕಾ. ಕುರ್ಚಿ ಮ್ಯಾಲ ಹಾಕೂ ಆಸನ ಮಾಡ್ರಿ, ಚೀಲ ಮಾಡ್ರಿ. ಹಿತ್ತಲದಾಗಿನ ಉಣ್ಣಿ ನಾಯಿಗೆ ಯಾಕ ಬಿಟ್ಟೀರಿ?"

ಕಂಬಳಿ ನೇಯ್ದ ಕೈಯಲ್ಲಿ ಕುಂಡೆಗೆ ಹಾಸುವ ತುಂಡು ನೇಯಬೇಕೇ ಎಂದು ಮುದಕಪ್ಪ ಮೀಸೆ ಕುಣಿಸಿದ. ಮಾತು ಅಲ್ಲಿಗೆ ಮುಗಿಯಿತು.

ಮುಗಿದದ್ದು ಮಾತು, ಮುದಕಪ್ಪನ ಬುದ್ಧಿವಂತಿಕೆ ಮುಗಿದಿರಲಿಲ್ಲ. ಸ್ವಲ್ಪ ದಿನಕ್ಕೆ ಹುಚ್ಚವ್ವ ತವರಿಗೆ ಹೋಗಿದ್ದಾಗ ಸಂತೋಷಕುಮಾರ ಬಂದು, ಅಂಗಡಿಯಲ್ಲಿ ನೋಡಲಿಕ್ಕೆ ತೂಗುಹಾಕಲು ಒಂದು ಹಳೆಯ ಕಂಬಳಿ ಬೇಕಿತ್ತು ಎಂದ. ಮುದಕಪ್ಪ ಅಪ್ಪನ ಕಂಬಳಿಯನ್ನೇ ಎತ್ತಿ ಕೊಟ್ಟ. ತನ್ನ ಮನೆಯಲ್ಲೇ ಮಗ್ಗ ಇದೆ, ಇಂಥದ್ದು ಬೇಕೆಂದಾಗ ನೇಯ್ದರಾಯಿತು ಎಂದು ಅವನ ಲೆಕ್ಕ. ಹೆಂಡತಿಗೆ ಹೇಳಲಿಲ್ಲ. ಹೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಅಷ್ಟರಲ್ಲಿ ಭಾಗ್ಯಾಳಿಗೆ ಹುನಗುಂದದ ಕಡೆಯ ಸಂಬಂಧ ಕೂಡಿಬಂತು. ಹುಡುಗ ಒಳ್ಳೆಯವನು, ಭಾಗ್ಯಾಳಿಗೂ ಒಪ್ಪಿಗೆ. ಹುಡುಗನ ಅಜ್ಜ ಮಾಳಿಂಗರಾಯ ಹುಟ್ಟಿದಂದಿನಿಂದ ಕುರಿ ಹಿಂದೆಯೇ ತಿರುಗಿದ ಹಿರಿಯ. ಬರುವ ಆದಿತ್ಯವಾರ ನಿಶ್ಚಯಕ್ಕೆ ಬರುತ್ತೇವೆ, ನಿಮ್ಮ ಮನೆಯ ಹಿರಿಯರ ಕಂಬಳಿಯ ಮೇಲೆ ಕೂತು ಮಾತು ಕೊಡೋಣ ಎಂದು ಹೇಳಿಕಳಿಸಿದ. ಹುಚ್ಚವ್ವ ಸಂಭ್ರಮದಿಂದ ಪೆಟ್ಟಿಗೆ ತೆರೆದಳು. ಒಳಗೆ ನುಸಿಗುಳಿಗೆ ಇತ್ತು. ಕಂಬಳಿ ಇರಲಿಲ್ಲ.

ಆಮೇಲೆ ಆ ಮನೆಯಲ್ಲಿ ಆದ ಮಾತುಗಳನ್ನು ಇಲ್ಲಿ ಹೇಳುವಂತಿಲ್ಲ. ಉಣ್ಣೆಯ ರಾಶಿಯ ಮೇಲಿದ್ದ ನಾಯಿ ಮರಿಗಳ ಸಮೇತ ಎದ್ದು ಬೇರೆ ಓಣಿಗೆ ಹೋಯಿತು ಎಂದರೆ ಸಾಕು. ಹೊಸ ಕಂಬಳಿ ಮಾಡೋಣವೆಂದರೆ ಹಿಂಜಿ, ನೂಲು ತೆಗೆದು, ನೇಯ್ದು, ಗಂಜಿ ತಿಕ್ಕಿ ಒಣಗಿಸಲು ಆದಿತ್ಯವಾರದೊಳಗೆ ಯಾರಪ್ಪನಿಂದಲೂ ಆಗದು. ಮಿಲ್ಲಿನ ನೂಲಿನದನ್ನೇ ಹಾಸಿದರಾಯಿತು, ನೋಡಲು ಒಂದೇ ರೀತಿ ಇದೆ ಎಂದು ಮುದಕಪ್ಪ ಮೆಲ್ಲಗೆ ಹೇಳಿದ.

ಹುಚ್ಚವ್ವ ಒಳಗೆ ಹೋಗಿ ಕಡ್ಡಿಪೆಟ್ಟಿಗೆ ತಂದು ಅವನ ಮುಂದೆ ಇಟ್ಟಳು.

"ಆ ಹಿರ್ಯಾ ಬೀಡಿ ಸೇದತಾನ," ಎಂದಳು. "ಒಂದು ಕಿಡಿ ಬಿದ್ರ ಸಾಕು, ನಿಮ್ಮ ಕಂಬಳಿ ಕರಗಿ ಅವನ ಧೋತರಕ್ಕ ಅಂಟತೈತಿ. ಬೀಗರನ ಕಂಬಳಿ ಸಮೇತ ಹುನಗುಂದಕ್ಕ ಕಳಸೂದಾಗತೈತಿ."

ಭಾಗ್ಯಾ ಹೇಳಿದ್ದು ಒಂದೇ ಮಾತು: "ಅಪ್ಪಾ, ಸುಳ್ಳ ಕಂಬಳಿ ಮ್ಯಾಲ ನಾ ಕುಂದ್ರೂದಿಲ್ಲ."

ಆ ಮಾತು ಮುದಕಪ್ಪನಿಗೆ ನಾಟಿತು. ಮಗಳ ಮದುವೆಗಿಂತ ದೊಡ್ಡದು ಅವನಿಗೆ ಏನೂ ಇರಲಿಲ್ಲ. ಕಡ್ಡಿಪೆಟ್ಟಿಗೆಯನ್ನು ಹುಚ್ಚವ್ವನೇ ಅವನ ಕಿಸೆಗೆ, ಆ ಚೀಟಿಯ ಪಕ್ಕದಲ್ಲೇ ತುರುಕಿದಳು. ಮುದಕಪ್ಪ ಬಾದಾಮಿಯ ಬಸ್ಸು ಹತ್ತಿದ.

ಅಂಗಡಿಯಲ್ಲಿ ಕಂಬಳಿ ಇರಲಿಲ್ಲ. ಕೆರೆಯ ಕಡೆ ಖುಶನುಮಾ ಎಂಬವರ ಹೋಂಸ್ಟೇ ಇದೆ, ಹಾಸಿಗೆಗೆಂದು ನಿನ್ನ ನುಣುಪು ಕಂಬಳಿಗಳನ್ನು ಕೊಂಡರು, ಬಾಗಿಲಿಗೆ ಏನಾದರೂ ಒರಟು ಬಟ್ಟೆ ಕೊಡಿ ಎಂದರು, ಆ ಹಳೆಯದನ್ನು ಕೊಟ್ಟುಬಿಟ್ಟೆ ಎಂದ ಸಂತೋಷಕುಮಾರ. ಹೇಳುವಾಗ ಅವನು ಮುದಕಪ್ಪನ ಮುಖ ನೋಡಲಿಲ್ಲ.

ಮುದಕಪ್ಪ ಹೋಂಸ್ಟೇ ಹುಡುಕಿಕೊಂಡು ಹೋದ. ಬಾಗಿಲಲ್ಲಿ ಅವನ ಅಪ್ಪನ ಕಂಬಳಿ ಬಿದ್ದಿತ್ತು. ಗುಹೆ ನೋಡಿ ಬಂದ ಪ್ರವಾಸಿಗರು ಕೆಂಪು ಮಣ್ಣಿನ ಬೂಟುಗಳನ್ನು ಅದಕ್ಕೆ ಚೆನ್ನಾಗಿ ತಿಕ್ಕಿ ತಿಕ್ಕಿ ಒಳಗೆ ಹೋಗುತ್ತಿದ್ದರು. ಮುದಕಪ್ಪನಿಗೆ ಅಪ್ಪ ಆ ಬಿಳಿ ಅಂಚಿಗಾಗಿ ಬಿಳಿ ಕುರಿಯ ಉಣ್ಣೆಯನ್ನು ಬೇರೆಯಾಗಿ ಆರಿಸಿ ಇಡುತ್ತಿದ್ದುದು ನೆನಪಾಗಿ ಕಣ್ಣು ತುಂಬಿತು. ಚಪ್ಪಲಿಯನ್ನು ದೂರದಲ್ಲೇ ಬಿಟ್ಟ. ಅವನಿಗೆ ಒಳಗೆ ಹೋಗಬೇಕು, ಆದರೆ ಹೋಗಬೇಕಾದರೆ ಕಂಬಳಿ ತುಳಿಯಬೇಕು. ದಾಟೋಣವೆಂದರೆ ಅದು ಅಗಲ. ಹೀಗೆ ಅವನು ಹಿಂದೆ ಮುಂದೆ ಕುಣಿಯುತ್ತಿದ್ದಾಗ ಪುಣೆಯಿಂದ ಬಂದ ಗಂಡ ಹೆಂಡತಿ ಅವನ ಮುಖ ಗುರುತು ಹಿಡಿದು, ಹಾಸಿಗೆಯ ಮೇಲಿನ ಚೀಟಿಯವನು ಇವನೇ ಎಂದು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಆಡು ಎಲ್ಲಿ ಎಂದೂ ಕೇಳಿದರು.

ಗದ್ದಲಕ್ಕೆ ಖುಶನುಮಾ ಹೊರಗೆ ಬಂದಳು. ಮುದಕಪ್ಪ ಅಷ್ಟರಲ್ಲಿ ಕಂಬಳಿಯನ್ನು ಎತ್ತಿ ಕೊಡವಿ, ಜಗಲಿಯ ಮೇಲೆ ಹಾಸಿ, ಮಣ್ಣು ಒರೆಸುತ್ತಿದ್ದ. ಒರೆಸಿ ಒರೆಸಿ ದಣಿದು ಅದರ ಮೇಲೆಯೇ ಕೂತುಬಿಟ್ಟ. ಈ ಕಂಬಳಿ ನನಗೆ ವಾಪಸ್ಸು ಬೇಕು, ನೀವು ಕೊಟ್ಟಷ್ಟು ದುಡ್ಡು ಕೊಡುತ್ತೇನೆ ಎಂದ. ಖುಶನುಮಾಳಿಗೆ ಆಶ್ಚರ್ಯವಾಯಿತು.

"ಈ ಒರಟು ಚಾಪಿ ಯಾಕ್ರಿ ಕಾಕಾ, ಸುಮ್ನ ಒಯ್ರಿ. ಖರೆ ಕಂಬಳಿ ಒಳಗ ಹಾಸಗಿ ಮ್ಯಾಲ ಐತಿ, ನಿಮ್ಮ ಫೋಟೋ ಸೈತ ಐತಿ."

ಮುದಕಪ್ಪನಿಗೆ ಜೀವ ಬಂತು. ಜಗಳವಿಲ್ಲ, ಕಾಡಿ ಬೇಡುವುದಿಲ್ಲ, ಸುಮ್ಮನೆ ಮಡಚಿಕೊಂಡು ಹೊರಟರೆ ಕೆಲಸ ಆಯಿತು. ಅವಳು ಒಳಗಿನಿಂದ ಚಹಾ ತರಿಸಿದಳು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಪುಣೆಯವರು ಒಳಗಿನಿಂದ ನುಣುಪು ಕಂಬಳಿಯನ್ನು ಎತ್ತಿ ತಂದು, ಇಂಥದ್ದೇ ಮನೆಗೂ ಒಯ್ಯಬೇಕು, ಇದು ನಿಜವಾಗಿ ಕುರಿಯ ಉಣ್ಣೆಯೇ ಎಂದು ಕೇಳಿದರು. ಮಾಡಿದವರೇ ಕೂತಿದ್ದಾರಲ್ಲ, ಅವರನ್ನೇ ಕೇಳೋಣ ಎಂದು ಖುಶನುಮಾ ಅವನ ಕಡೆ ತಿರುಗಿದಳು.

ಹೌದು ಎನ್ನಲು ಮುದಕಪ್ಪ ಬಾಯಿ ತೆರೆದ. ಆಗ ನೆನಪಾಯಿತು, ತಾನು ಕೂತಿರುವುದು ಕಂಬಳಿಯ ಮೇಲೆ.

ಬಾಯಿ ಮುಚ್ಚಿದ. ಕುಂಡೆ ಎತ್ತಿ ಮೆಲ್ಲಗೆ ಬಲಕ್ಕೆ ಸರಿದ, ಬರಿ ಕಲ್ಲಿನ ಮೇಲೆ ಕೂತು ಹೇಳೋಣವೆಂದು. ಖುಶನುಮಾ ಒಳ್ಳೆಯ ಹೆಣ್ಣುಮಗಳು. ಕಲ್ಲು ತಣ್ಣಗಿದೆ, ನೆಲಕ್ಕೆ ಕೂರಬೇಡಿ ಎಂದು ಕಂಬಳಿಯನ್ನು ಅವನ ಕೆಳಗೆ ಎಳೆದು ಹಾಸಿದಳು. ಅವನು ಎಡಕ್ಕೆ ಸರಿದ. ಅವಳು ಎಡಕ್ಕೂ ಹಾಸಿದಳು. ಅವನು ಎದ್ದು ನಿಲ್ಲೋಣವೆಂದರೆ ಪುಣೆಯವರು ಹಿರಿಯರು ನಮಗಾಗಿ ಏಳಬಾರದು ಎಂದು ಭುಜ ಹಿಡಿದು ಕೂರಿಸಿದರು. ಮುದಕಪ್ಪ ಬೆವರಿಹೋದ. ಬೀರಪ್ಪ ಎಲ್ಲಿದ್ದರೂ ನೋಡುತ್ತಾನೆ ಎಂದು ಅಪ್ಪ ಹೇಳುತ್ತಿದ್ದುದು ನಿಜವೆನಿಸಿತು.

"ಅದು ಉಣ್ಣಿ ಅಲ್ಲವ್ವ," ಎಂದ ಕೊನೆಗೆ. "ಅದು ಮಿಲ್ಲಿನ ನೂಲು. ಉಣ್ಣಿದು ಇದು, ನೀವು ಕಾಲ ಒರಸಾಕ ಹಾಕಿದ್ದು."

ಖುಶನುಮಾ ನಂಬಲಿಲ್ಲ. ಚೀಟಿ ತೋರಿಸಿದಳು. ಚೀಟಿಯಲ್ಲಿ ನೀವೇ ಇದ್ದೀರಿ, ನೀವೇ ನಿಮ್ಮನ್ನು ಸುಳ್ಳು ಎನ್ನುತ್ತೀರಾ ಎಂದು ಕೇಳಿದಳು. ಮುದಕಪ್ಪ ಚೀಟಿಯಲ್ಲಿ ಮೀಸೆ ತಿರುವಿದವನನ್ನು ಒಮ್ಮೆ ದುರುಗುಟ್ಟಿ ನೋಡಿದ. "ಆ ಫೋಟೋದಾಂವ ಕಂಬಳಿ ಮ್ಯಾಲ ಕುಂತಿಲ್ಲ, ನಾ ಕುಂತೇನಿ," ಎಂದ. ಕಿಸೆಯಿಂದ ಕಡ್ಡಿಪೆಟ್ಟಿಗೆ ತೆಗೆದು, ದಾನೇಶ್ವರಿ ಮಾಡಿದ್ದನ್ನು ನೆನೆಸಿಕೊಂಡು ಎರಡರಿಂದಲೂ ಒಂದೊಂದು ಎಳೆ ಕಿತ್ತ. ಚಹಾದ ಬಸಿಯ ಮೇಲೆ ಒಂದು ಬೂದಿಯಾಯಿತು, ಇನ್ನೊಂದು ಗುಂಡಾಯಿತು.

ಖುಶನುಮಾಳಿಗೆ ಸಿಟ್ಟು ಬಂತು, ಬರಬೇಕಾದದ್ದೇ. ಬಂದವರಿಗೆಲ್ಲ ಅಪ್ಪಟ ಉಣ್ಣೆ ಎಂದು ಹೇಳಿದ್ದೇನೆ, ಈಗ ನನ್ನ ಮಾತು ಯಾರು ನಂಬುತ್ತಾರೆ ಎಂದಳು. ಮುದಕಪ್ಪ ತಲೆ ತಗ್ಗಿಸಿ ಕೇಳಿಸಿಕೊಂಡ. ಪುಣೆಯ ಹೆಣ್ಣುಮಗಳು ಮಾತ್ರ ಹಳೆಯ ಕಂಬಳಿಯ ಬಿಳಿ ಅಂಚನ್ನು ಸವರುತ್ತ, ಇಂಥದ್ದು ಸಿಗುತ್ತದೆಯೇ ಎಂದು ಕೇಳಿದಳು. ಚುಚ್ಚುತ್ತದೆ ಎಂದ ಮುದಕಪ್ಪ. ಹೊದೆಯಲು ಬೇಡ, ಕೂರಲು ಎಂದಳು ಅವಳು. ದಾನೇಶ್ವರಿ ಹೇಳಿದ ಆಸನದ ಮಾತು ಅವನ ಕಿವಿಯಲ್ಲಿ ಈಗ ಬೇರೆ ಥರ ಕೇಳಿಸಿತು. ಖುಶನುಮಾಳ ಸಿಟ್ಟು ಇಳಿಯಲು ಎರಡನೇ ಚಹಾ ಬೇಕಾಯಿತು. ಕೊನೆಗೆ ಅವಳು, ಜಗಲಿಯ ಕುರ್ಚಿಗಳಿಗೆಲ್ಲ ಉಣ್ಣೆಯ ಆಸನ ಮಾಡಿಕೊಡಿ, ಆದರೆ ನನ್ನ ಕಣ್ಣೆದುರಿಗೆ ಕಡ್ಡಿ ಗೀರಿ ಕೊಡಬೇಕು ಎಂದಳು. ಅಪ್ಪನ ಕಂಬಳಿಗೆ ಅವಳು ಏನೂ ತೆಗೆದುಕೊಳ್ಳಲಿಲ್ಲ.

ಹುಚ್ಚವ್ವ ಕಂಬಳಿಯನ್ನು ಅಂಟುವಾಳದ ನೀರಿನಲ್ಲಿ ತೊಳೆದು ಒಣಗಿಸಿದಳು. ಗಂಡನೊಡನೆ ಮಾತು ಬಿಟ್ಟೇ ತೊಳೆದಳು.

ಆದಿತ್ಯವಾರ ಬೀಗರು ಬಂದರು. ಕಂಬಳಿ ಹಾಸಿ ಭಂಡಾರ ಚೆಲ್ಲಿದರು. ಒಂದು ಬದಿಗೆ ಮಾಳಿಂಗರಾಯ, ಇನ್ನೊಂದು ಬದಿಗೆ ಮುದಕಪ್ಪ ಕೂತರು. ಭಾಗ್ಯಾ ಬಂದು ಅಪ್ಪನ ಪಕ್ಕ ಕೂತಳು. ಎಲ್ಲ ಸರಿಹೋಯಿತು ಎಂದು ಮುದಕಪ್ಪ ಉಸಿರು ಬಿಟ್ಟ. ಅಷ್ಟರಲ್ಲಿ ಮಾಳಿಂಗರಾಯ ಚೀಲದಿಂದ ಹುಡುಗಿಗೆಂದು ತಂದ ಉಡುಗೊರೆ ತೆಗೆದು ಕಂಬಳಿಯ ಮೇಲೆ ಇಟ್ಟ. ಬಾದಾಮಿಯ ಅಂಗಡಿಯಲ್ಲಿ ಕೊಂಡ ಕರಿ ಕಂಬಳಿ. ಅಂಚಿನಲ್ಲಿ ಚೀಟಿ ಜೋತಾಡುತ್ತಿತ್ತು. ಚೀಟಿಯಲ್ಲಿ ಮುದಕಪ್ಪ ಮೀಸೆ ತಿರುವಿ ನಿಂತಿದ್ದ, ಆಡಿನ ಮರಿ ರುಮಾಲು ತಿನ್ನುತ್ತಿತ್ತು.

ಹುಚ್ಚವ್ವ ಸೆರಗು ಬಾಯಿಗೆ ಒತ್ತಿಕೊಂಡಳು, ಅಳುವಿಗೋ ನಗುವಿಗೋ ಹೇಳುವಂತಿರಲಿಲ್ಲ. ಮಾಳಿಂಗರಾಯ ಏನೂ ಕೇಳಲಿಲ್ಲ. ಸುಮ್ಮನೆ ಬೀಡಿ ಹಚ್ಚಿಕೊಂಡು ಕೂತಿದ್ದ. ಹೇಳದಿದ್ದರೆ ಯಾರಿಗೂ ಗೊತ್ತಾಗದು, ಹೇಳಿದರೆ ಮದುವೆಯೇ ಮುರಿಯಬಹುದು. ಮುದಕಪ್ಪ ಮಗಳ ಕಡೆ ನೋಡಿದ. ಈ ಸಲ ಅವನು ಬಲಕ್ಕೂ ಸರಿಯಲಿಲ್ಲ, ಎಡಕ್ಕೂ ಸರಿಯಲಿಲ್ಲ.

"ಬೀಗರ, ಇದು ನನ್ನ ಕೈಲೆ ನೇಯ್ದದ್ದು," ಎಂದ. "ಆದ್ರ ಇದು ಉಣ್ಣಿ ಅಲ್ಲ. ಚೀಟಿ ಸುಳ್ಳು. ನಾವು ಕುಂತ ಈ ಕಂಬಳಿ ಖರೇದು, ಇದನ್ನೂ ನಾ ಕೈ ಬಿಟ್ಟಿದ್ದೆ, ಮಂದಿ ಕಾಲಾಗ ಬಿದ್ದಿತ್ತು. ಮೊನ್ನೆ ಎತ್ತಿಕೊಂಡು ಬಂದೇನಿ. ಇನ್ನ ನಿಮ್ಮ ವಿಚಾರ."

ಮಾಳಿಂಗರಾಯ ಬೀಡಿಯ ಹೊಗೆ ಬಿಟ್ಟ.

"ಅಂಗಡ್ಯಾಗ ಮುಟ್ಟಿದ ಕೂಡಲೇ ಗೊತ್ತಾಗಿತ್ತು," ಎಂದ. "ಕುರಿ ಹಿಂದ ತಿರುಗಿದ ಕೈ ಇದು. ನಿಮ್ಮ ಫೋಟೋ ನೋಡಿ ಬೇಕಂತ ತಂದೆ. ನೀವು ಹೇಳದ ಸುಮ್ನ ಕುಂತಿದ್ರ ನಾ ಎದ್ದು ಹೋಗಾಂವ ಇದ್ದೆ." ಆಮೇಲೆ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ಇನ್ನೊಂದು ಮಾತು ಸೇರಿಸಿದ. "ಮತ್ತ ಆಡಿಗೂ ಕುರಿಗೂ ಫರಕ ತಿಳೀದ ಮನಿಯಿಂದ ಹೆಣ್ಣು ತರೂದು ಹೆಂಗ ಅಂತ ಅದೊಂದು ಚಿಂತಿ ಇತ್ತು."

ಮೊದಲು ನಕ್ಕವಳು ಭಾಗ್ಯಾ. ಆಮೇಲೆ ಮನೆಗೆ ಮನೆಯೇ ನಕ್ಕಿತು. ಹುಚ್ಚವ್ವ ಅಂದು ಗಂಡನೊಡನೆ ಮಾತಾಡಿದಳು. ಸಕ್ಕರೆ ಹಂಚಲು ಏಳಿ ಎಂದಳು.

ಈಗ ಮುದಕಪ್ಪನ ಹಿತ್ತಲಲ್ಲಿ ಉಣ್ಣೆಯ ರಾಶಿ ಇಲ್ಲ. ದಾನೇಶ್ವರಿಯ ಸಂಘದ ಹೆಣ್ಣುಮಕ್ಕಳು ನೂಲುತ್ತಾರೆ, ಹುಚ್ಚವ್ವ ಕಲಿಸುತ್ತಾಳೆ, ಬೈಯುತ್ತಲೇ ಕಲಿಸುತ್ತಾಳೆ. ಆಸನ, ಚೀಲ, ಕೇಳಿದವರಿಗೆ ಕಂಬಳಿ ಸಂಘದ ಹೆಸರಲ್ಲೇ ಬಾದಾಮಿಗೆ ಹೋಗುತ್ತವೆ. ಸಂತೋಷಕುಮಾರನೂ ಮಾರುತ್ತಾನೆ. ಅವನ ಅಂಗಡಿಯಲ್ಲಿ ಮಿಲ್ಲಿನ ನೂಲಿನದೂ ಇದೆ, ಆದರೆ ಅದರ ಚೀಟಿಯಲ್ಲಿ ಮಿಲ್ಲಿನ ನೂಲು ಎಂದೇ ಬರೆದಿದೆ. ನುಣುಪು ಬೇಕಾದವರು ತಿಳಿದೇ ಒಯ್ಯುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಮುದಕಪ್ಪನ ಹೊಸ ಫೋಟೋ ಆಗಿದೆ. ಕೈಯಲ್ಲಿ ಈ ಸಲ ಕುರಿಮರಿಯೇ ಇದೆ, ಮಾಳಿಂಗರಾಯ ಖುದ್ದಾಗಿ ಪರೀಕ್ಷಿಸಿ ಕಳಿಸಿದ್ದು. ಬೇರೆ ಓಣಿಗೆ ಹೋಗಿದ್ದ ನಾಯಿ ಮರಳಿ ಬಂದಿದೆ. ಅದಕ್ಕೂ ಒಂದು ಆಸನ ಸಿಕ್ಕಿದೆ.

ಕೊಳ್ಳುವ ಅಕ್ಕ ಅಣ್ಣಂದಿರೇ, ಬಾದಾಮಿಗೆ ಬನ್ನಿ, ಬನಶಂಕರಿಗೆ ಬನ್ನಿ, ಕಂಬಳಿಯೋ ಇಳಕಲ್ಲ ಸೀರೆಯೋ ಗುಳೇದಗುಡ್ಡದ ಖಣವೋ ಮನಸಾರೆ ಕೊಳ್ಳಿ. ಕೊಳ್ಳುವ ಮೊದಲು ಇದು ಯಾವ ನೂಲು, ಯಾರು ನೇಯ್ದದ್ದು, ಯಾವ ಊರಿನದು ಎಂದು ಕೇಳಿ. ಕೇಳಲು ನಾಚಿಕೆ ಬೇಡ, ನಿಜ ಮಾಡಿದವರಿಗೆ ಹೇಳಲು ಖುಷಿಯೇ. ಉಣ್ಣೆಯ ಮೇಲೆ ಅನುಮಾನ ಬಂದರೆ ಅಂಗಡಿಯವರ ಒಪ್ಪಿಗೆ ಪಡೆದು ಅಂಚಿನ ಒಂದೇ ಎಳೆಯನ್ನು ಕಿತ್ತು, ಚಿಮಟಿಗೆಯಲ್ಲಿ ಹಿಡಿದು, ತಾಟಿನ ಮೇಲೆ ಸುಟ್ಟು ನೋಡಿ. ಕೂದಲಿನ ವಾಸನೆ ಬಂದು ಬೂದಿಯಾದರೆ ಉಣ್ಣೆ, ಕರಗಿ ಗುಂಡಾದರೆ ಅಲ್ಲ. ಇಡೀ ಕಂಬಳಿಗೆ ಕಡ್ಡಿ ಗೀರಬೇಡಿ, ಮಕ್ಕಳ ಕೈಗೆ ಕಡ್ಡಿ ಕೊಡಬೇಡಿ. ಒರಟಾಗಿದೆ ಎಂದು ನಿಜವನ್ನು ಬಾಗಿಲಿಗೆ ಹಾಕಿ, ನುಣುಪಾಗಿದೆ ಎಂದು ಸುಳ್ಳನ್ನು ಹಾಸಿಗೆಗೆ ಹಾಕಬೇಡಿ.

ನೇಯುವ, ನೂಲುವ ಅಕ್ಕ ಅಣ್ಣಂದಿರೇ, ಕಾಲಕ್ಕೆ ತಕ್ಕಂತೆ ಹೊಸದು ಮಾಡಿ. ಕಂಬಳಿ ಆಸನವಾಗಲಿ, ಚೀಲವಾಗಲಿ, ಪೇಟೆ ಕೇಳಿದ್ದನ್ನು ಕೊಡಿ. ಒಬ್ಬರೇ ಆಗದಿದ್ದರೆ ನಿಮ್ಮ ಊರಿನ ಸಂಘಕ್ಕೆ ಸೇರಿ. ಬದಲಾಗಬಾರದ್ದು ಒಂದೇ ಒಂದು. ನಿಮ್ಮ ಮಾಲಿಗೆ ಚೀಟಿ ಕಟ್ಟುವ ಮುಂಚೆ ಮನೆಯ ಕಂಬಳಿ ಹಾಸಿ ಅದರ ಮೇಲೆ ಕೂತು ಆ ಚೀಟಿಯನ್ನು ಗಟ್ಟಿಯಾಗಿ ಓದಿ. ಓದುವಾಗ ಕುಂಡೆ ಸರಿಸಬೇಕು ಎನಿಸದಿದ್ದರೆ ಆ ಚೀಟಿ ಕಟ್ಟಿ.